ನಾಂದಿಯೂ ಕಳ್ಳನ ಕಥೆಯೂ: ಬೀಳಗಿಯ ಅಮೀರಬಾಯಿಯ ಒಂದು ಭಜನೆಯನ್ನು ಕುರಿತು

ಮಾರ್ಟಿನ್ ಸ್ಕಾರ್ಸೆಸಿಯ ‘ಕ್ಯಾಸಿನೊ’ (1995) ಶುರುವಾಗುತ್ತಲೇ ನಾಯಕ ಕಾರಿನಲ್ಲಿ ಕೂತು ಕೀಲಿ ತಿರುವುತ್ತಾನೆ, ಕಾರು ಸಿಡಿಯುತ್ತದೆ. ಸೋಲ್ ಮತ್ತು ಇಲೇನ್ ಬಾಸ್ ದಂಪತಿ ರೂಪಿಸಿದ ಶೀರ್ಷಿಕೆಗಳ ಹಿಂದೆ ಉರಿಯೂ ಲಾಸ್ ವೇಗಸ್ಸಿನ ಬಣ್ಣದ ದೀಪಗಳೂ ಕಲೆತು, ನಡುವೆ ಒಂದು ಮನುಷ್ಯಾಕೃತಿ ತಲೆಕೆಳಗಾಗಿ ಬೀಳುತ್ತದೆ. ಆಗ ಕೇಳುವುದು ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ನ ಕೊನೆಯ ಮೇಳಗೀತ, ಕ್ರಿಸ್ತನ ಸಮಾಧಿಯ ಮುಂದೆ ಭಕ್ತರು ಅಳುವ ಭಾಗ. ಗುಡ್ ಫ್ರೈಡೆಯ ಆರಾಧನೆಗೆಂದು ಬರೆದ ಸಂಗೀತ ಜೂಜಿನ ಲೋಕದ ಬಾಗಿಲು ತೆರೆಯುತ್ತದೆ. ಇದು ಸ್ಕಾರ್ಸೆಸಿಯ ಸ್ವಂತ ಶೋಧವೇನಲ್ಲ. ಪಸೋಲಿನಿ 1961ರ ‘ಅಕ್ಕತೋನೆ’ಯಲ್ಲಿ ರೋಮಿನ ಕೊಳೆಗೇರಿಯ ತಲೆಹಿಡುಕನೊಬ್ಬನ ಬಾಳಿಗೆ ಇದೇ ಕೃತಿಯನ್ನು ಹೊಂದಿಸಿದ್ದ.

ಇಂಥ ಕಡೆ ಪಾತ್ರಗಳಿಗೆ ಆ ಸಂಗೀತ ಕೇಳುವುದಿಲ್ಲ. ಕೇಳುವವನು ಪ್ರೇಕ್ಷಕ ಮಾತ್ರ. ಪಾಪಿಯ ತಲೆಯ ಮೇಲೆ ನಿರ್ದೇಶಕ ಹಿಡಿದ ತೀರ್ಪು ಅದು, ಮರುಕವೂ ಬೆರೆತ ತೀರ್ಪು. ಪವಿತ್ರವಾದದ್ದು ಇರಬಾರದ ಜಾಗದಲ್ಲಿ ಇದೆ ಎಂದು ಕಿವಿ ಬೆಚ್ಚಿದರೆ ಮಾತ್ರ ಇದು ಫಲಿಸುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಆಟ ನೋಡಿ ಬೆಳೆದ ಕಿವಿ ಹಾಗೆ ಬೆಚ್ಚೀತೆ ಎಂಬುದು ನನ್ನ ಪ್ರಶ್ನೆ.

ಬೆಚ್ಚುವುದಿಲ್ಲ ಎನ್ನಲು ಕಾರಣ ಈ ಸೀಮೆಯ ಜನಪದ ರಂಗಪ್ರಕಾರವಾದ ಸಣ್ಣಾಟ. ಕೃಷ್ಣನ ಕಥೆಯಾದ ‘ಶ್ರೀಕೃಷ್ಣ ಪಾರಿಜಾತ’ಕ್ಕೆ ಗಣಪತಿಯ ಸ್ತುತಿ ಮೊದಲಾಗುವುದು ಸಹಜ. ಆದರೆ ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದ ಹಾದರ ಮತ್ತು ಕೊಲೆಯ ಕಥೆ. ಗಂಗಿಯ ಮೇಲೆ ಸಂಗ್ಯಾನ ಮೋಹ, ಗೆಳೆಯ ಬಾಳ್ಯಾನ ದ್ರೋಹ, ಗಂಗಿಯ ಗಂಡ ಈರ್ಯಾನ ಸೇಡು. ಅದಕ್ಕೂ ಮುಂಚೆ ದೇವರ ಸ್ತುತಿ ಉಂಟು. ಕಂಪನಿ ನಾಟಕದವರೂ ಹಾಗೆಯೇ. ರಾತ್ರಿಯ ಆಟ ಪುರಾಣದ್ದಿರಲಿ, ಕುಡುಕ ಗಂಡನದಿರಲಿ, ನಾಂದಿ ತಪ್ಪದು. ಈ ಸ್ತುತಿ ಕಥೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಆಟ ನಿರ್ವಿಘ್ನವಾಗಿ ಸಾಗಲೆಂದು ಬೇಡುತ್ತದೆ, ಅಷ್ಟೆ. ಎಲ್ಲ ಕಥೆಗೂ ಮೊದಲು ದೇವರ ಹಾಡು ಬರುವಲ್ಲಿ, ಕೊಲೆಯ ಕಥೆಗೆ ಮೊದಲು ಬಂದ ದೇವರ ಹಾಡಿನಿಂದ ವ್ಯಂಗ್ಯ ಹುಟ್ಟದು. ಬಾಖ್‌ನ ಸಂಗೀತ ಶೀರ್ಷಿಕೆಯಲ್ಲಿ ಮಾಡಿದ ಕೆಲಸವನ್ನು ನಮ್ಮಲ್ಲಿ ಮಾಡಬೇಕಾದರೆ ಹಾಡು ಕಥೆಯ ಒಳಗೇ ಇಳಿಯಬೇಕು.

ಇಳಿದ ಉದಾಹರಣೆ ಬೀಳಗಿಯ ಹೆಣ್ಣುಮಗಳ ದನಿಯಲ್ಲೇ ಇದೆ. ಅಮೀರಬಾಯಿ ಕರ್ನಾಟಕಿ ಹುಟ್ಟಿದ ಊರು ಬೀಳಗಿ. ಅಕ್ಕ ಗೋಹರಬಾಯಿ ಬಾಲಗಂಧರ್ವರ ಸಂಗಾತಿಯಾಗಿ ಮರಾಠಿ ರಂಗಭೂಮಿಯಲ್ಲಿ ಹೆಸರಾದವರು. ಅಕ್ಕತಂಗಿಯರಿಬ್ಬರೂ ರಂಗದ ಹಾಡುಗಾರಿಕೆಯಲ್ಲಿ ಪಳಗಿ ಸಿನಿಮಾಕ್ಕೆ ಹೋದರು. ಹಿನ್ನೆಲೆ ಗಾಯನ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ ಅದು. ಬಾಂಬೆ ಟಾಕೀಸಿನ ‘ಕಿಸ್ಮತ್’ (1943) ಅಮೀರಬಾಯಿಯ ಹೆಸರನ್ನು ದೇಶದ ತುಂಬ ಹಬ್ಬಿಸಿತು. ನಿರ್ದೇಶನ ಜ್ಞಾನ್ ಮುಖರ್ಜಿ, ಸಂಗೀತ ಅನಿಲ್ ಬಿಸ್ವಾಸ್, ಹಾಡು ಕವಿ ಪ್ರದೀಪ್. ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಅದು ಮೂರು ವರ್ಷಕ್ಕೂ ಮೀರಿ ಓಡಿತು.

ನಾಯಕ ಶೇಖರ್ (ಅಶೋಕ್ ಕುಮಾರ್) ಕಿಸೆಗಳ್ಳ. ಜೈಲಿನಿಂದ ಬಿಡುಗಡೆಯಾಗುವಲ್ಲಿಂದಲೇ ಕಥೆಯ ಮೊದಲು. ನಾಯಕಿ ರಾಣಿ (ಮುಮ್ತಾಜ್ ಶಾಂತಿ) ರಂಗದಲ್ಲಿ ಕುಣಿದು ಕಾಲು ಊನವಾದವಳು. ಅವಳು ಕೃಷ್ಣನಿಗೆ ಮೊರೆಯಿಡುವ ಭಜನೆಗೆ ದನಿಯಾದವರು ಅಮೀರಬಾಯಿ. ಈ ಹಾಡನ್ನು ಪಾತ್ರವೇ ಹಾಡುತ್ತದೆ. ಮೇಲಿನಿಂದ ಬಿದ್ದ ತೀರ್ಪಲ್ಲ, ಕೆಳಗಿನಿಂದ ಎದ್ದ ಕೂಗು. ಇನ್ನು ಕಥೆಯ ತಿರುವು ನೋಡಿ. ರಾಣಿ ಬೇಡುವುದು ದೇವರನ್ನು, ಅವಳ ಕಾಲಿನ ಚಿಕಿತ್ಸೆಗೆಂದು ದುಡ್ಡು ಹೊಂದಿಸಲು ಹೊರಡುವವನು ಕಳ್ಳ, ಅದೂ ಕನ್ನ ಹಾಕಿ. ಪ್ರಾರ್ಥನೆಗೆ ಉತ್ತರ ಅಪರಾಧದ ರೂಪದಲ್ಲೇ ಬರುತ್ತದೆ. (ಮೊರೆ ಕೇಳಬೇಕಾದ ದೇವರೂ ಬೆಣ್ಣೆ ಕದ್ದವನೇ. ಪಾರಿಜಾತ ನೋಡಿದ ಮುಧೋಳದ ಪ್ರೇಕ್ಷಕನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಸ್ಕಾರ್ಸೆಸಿಯಲ್ಲಿ ಪವಿತ್ರ ಸಂಗೀತ ಅಪರಾಧವನ್ನು ಅಳೆಯುತ್ತದೆ. ‘ಕಿಸ್ಮತ್’ನಲ್ಲಿ ಅದು ಅಪರಾಧದ ಜೊತೆ ಒಂದೇ ಮನೆಯಲ್ಲಿ ವಾಸಿಸುತ್ತದೆ.

ಆ ಕಾಲದ ಪ್ರಬಲ ವಿಮರ್ಶಕ ಬಾಬೂರಾವ್ ಪಟೇಲ್ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯಲ್ಲಿ ಚಿತ್ರವನ್ನು ಹಳಿದರು. ಕಳ್ಳನನ್ನು ಮೆರೆಸಿದ್ದು ಅವರ ತಕರಾರು. ಪ್ರೇಕ್ಷಕರು ಆ ತಕರಾರಿಗೆ ಸೊಪ್ಪು ಹಾಕಲಿಲ್ಲ. ಕಳ್ಳನನ್ನು ಒಪ್ಪಿಸಿದ್ದರಲ್ಲಿ ಅಶೋಕ್ ಕುಮಾರನ ಸಿಗರೇಟಿನ ಠೀವಿಯಷ್ಟೇ ಪಾಲು ಆ ಭಜನೆಗೂ ಇದೆ ಎಂಬುದು ನನ್ನ ವಾದ. ಅಮೀರಬಾಯಿಯ ಗಾಯನದಲ್ಲಿ ಮೆರೆತ ಕಡಿಮೆ. ಸ್ವರವನ್ನು ಎಳೆದು ತೋರಿಸುವ ಚಪಲವಿಲ್ಲದೆ ಮಾತನ್ನು ನೇರವಾಗಿ ಇಡುತ್ತಾರೆ, ಭಜನೆಯ ಮೇಳದಲ್ಲಿ ಮುಂದೆ ಕೂತು ಹಾಡುವವರು ಇಡುವಂತೆ. ಹಾಗಾಗಿ ಭಕ್ತಿ ಅಲಂಕಾರವೆನಿಸದೆ ಅಗತ್ಯವೆನಿಸುತ್ತದೆ. ಹಾಡಿದವರು ಮುಸಲ್ಮಾನ ಹೆಣ್ಣುಮಗಳು, ಹಾಡಿಸಿಕೊಂಡವನು ಕೃಷ್ಣ. ಬೀಳಗಿ ಸೀಮೆಗೆ ಇದು ಹೊಸದಲ್ಲ.

ದೇವರ ಹಾಡು ಅಪರಾಧದ ಜೊತೆ ಬಾಳುವ ಈ ಕಥೆಯ ಮುಂದಿನ ಕಂತು ಕನ್ನಡದಲ್ಲಿ ‘ಕ್ಯಾಸಿನೊ’ ಬಂದ ವರ್ಷದ್ದೇ. ಉಪೇಂದ್ರ ನಿರ್ದೇಶಿಸಿದ ‘ಓಂ’ (1995) ಬೆಂಗಳೂರಿನ ರೌಡಿಗಳ ಕಥೆ, ಶೀರ್ಷಿಕೆ ಮಾತ್ರ ಪ್ರಣವ. ಮಚ್ಚು ಹಿಡಿದ ನಾಯಕ ಅರ್ಚಕನ ಮಗ. ಹಂಸಲೇಖರ ಸಂಗೀತದಲ್ಲಿ ಓಂಕಾರದ ಹಾಡನ್ನೂ ಸೂರ್ಯನ ಪ್ರಾರ್ಥನೆಯನ್ನೂ ಹಾಡಿದವರು ರಾಜ್‌ಕುಮಾರ್. ಇಲ್ಲಿಯೂ ದೇವರ ಹಾಡು ರೌಡಿಯ ಮೇಲಿನ ವ್ಯಂಗ್ಯವಲ್ಲ, ಅವನು ಬಿಟ್ಟು ಬಂದ ಮನೆಯ ದನಿ. ‘ಓಂ’ ಅನ್ನು ಹಾಲಿವುಡ್ಡಿನ ಗ್ಯಾಂಗ್‌ಸ್ಟರ್ ಚಿತ್ರಗಳ ಪಕ್ಕ ಇಟ್ಟು ಓದುವವರು ‘ಕಿಸ್ಮತ್’ನ ಪಕ್ಕವೂ ಇಟ್ಟು ಓದಬೇಕು.

ಅಮೀರಬಾಯಿ 1965ರಲ್ಲಿ ತೀರಿಕೊಂಡರು. ಕನ್ನಡದಲ್ಲಿ ಅವರ ಬದುಕನ್ನು ಕುರಿತು ರಹಮತ್ ತರೀಕೆರೆಯವರ ಪುಸ್ತಕವಿದೆ. ಅವರ ಸಿನಿಮಾ ಹಾಡುಗಳು ಇಂದು ಯಾರ ಮೊಬೈಲಿನಲ್ಲಾದರೂ ಸಿಗುತ್ತವೆ. ಆದರೆ ಆ ದನಿಯ ಹಿಂದಿರುವ ಸಣ್ಣಾಟದ ಸ್ತುತಿ, ಕಂಪನಿಯ ನಾಂದಿ ಹಾಡಿದವರ ಕಂಠದಲ್ಲೇ ಉಳಿದಿವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಕಾಲೇಜುಗಳ ಕನ್ನಡ ವಿಭಾಗಗಳು ಅವನ್ನು ರಾಗ, ತಾಳ, ಹಾಡಿದವರ ಹೆಸರಿನೊಂದಿಗೆ ಬೇಗ ಧ್ವನಿಮುದ್ರಿಸಿಕೊಳ್ಳಲಿ.