ಸಹಿಯ ಹೊಣೆ

ಲಕಮನಹಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ತರುಣರಲ್ಲಿ ಅನೇಕರು ನನ್ನ ಹಳೆಯ ವಿದ್ಯಾರ್ಥಿಗಳು. ಮೊದಲ ಪಗಾರ ಕೈಗೆ ಬಂದ ತಿಂಗಳೊಳಗೇ ಗೆಳೆಯನೊಬ್ಬನು ಸಾಲದ ಕಾಗದ ಹಿಡಿದು ಬರುವುದುಂಟು: “ಒಂದು ಸಹಿ ಹಾಕು, ಬರೇ ಜಾಮೀನು.” ಈ ‘ಬರೇ’ ಎಂಬ ಮಾತಿನ ತೂಕವೆಷ್ಟು? ಅದನ್ನು ತಿಳಿಯಲು ನೂರಿಪ್ಪತ್ತು ವರುಷ ಹಿಂದೆ ಹೋಗೋಣ.

ಆಗ ಗದಗ ಧಾರವಾಡ ಜಿಲ್ಲೆಗೇ ಸೇರಿತ್ತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮಳೆಯನ್ನೇ ನಂಬಿದ ರೈತನಿಗೆ ಬೀಜಕ್ಕೆ, ಎತ್ತಿಗೆ ರೊಕ್ಕ ಬೇಕಾದರೆ ಸಾವಕಾರನ ಬಾಗಿಲೇ ಗತಿ. ಪತ್ರ ಓದಲಾರದೆ ಹೆಬ್ಬೆಟ್ಟು ಒತ್ತಿದವನ ಹೊಲ ಬಡ್ಡಿಗೇ ಹೋಗುತ್ತಿತ್ತು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮೇಲೆ ಬಿದ್ದು ಸಾಲಪತ್ರಗಳನ್ನು ಸುಟ್ಟರು. ಆದರೆ ಮುಂದಿನ ಹಂಗಾಮಿನ ಬೀಜಕ್ಕೆ ಮತ್ತೆ ರೊಕ್ಕ ಬೇಕೇ ಆಯಿತು.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರುಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಅದರ ಖ್ಯಾತಿ. ಆ ಕಾಯಿದೆಯಂತೆ ಸದಸ್ಯನಿಗೆ 18 ವರುಷ ತುಂಬಿರಬೇಕು. ಹಳ್ಳಿಯ ಸಂಘದಲ್ಲಿ, ಸರಕಾರ ವಿಶೇಷ ಅಪ್ಪಣೆ ಕೊಟ್ಟ ಹೊರತು, ಸದಸ್ಯರ ಹೊಣೆಗೆ ಮಿತಿಯಿಲ್ಲ. ಅಂದರೆ ನೆರೆಯವನು ತೀರಿಸದ ಸಾಲ ನನ್ನ ಹೊಲದ ಮೇಲೂ ಬಂದೀತು. ಇಂಥ ಹೊಣೆ ಹೊತ್ತವನು ಸಾಲ ಯಾವುದಕ್ಕೆ, ಯಾವ ಸುಗ್ಗಿಗೆ ತೀರುವುದು ಎಂದು ಕೇಳದೆ ಇರಲಾರನು.

ಆ ಕಾಯಿದೆ 1912ರಲ್ಲಿಯೇ ಹೋಯಿತು. ಜಾಮೀನಿನ ಹೊಣೆ ಮಾತ್ರ ಹೋಗಿಲ್ಲ. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಬರೆಯದಿದ್ದರೆ, ಸಾಲಗಾರನ ಹೊಣೆಯಷ್ಟೇ ಜಾಮೀನುದಾರನದೂ. ನಾನೂ ತರುಣನಿದ್ದಾಗ ಓದದೆ ಸಹಿ ಹಾಕಿದೆ. ಗೆಳೆಯ ಊರು ಬಿಟ್ಟ. ಎರಡು ವರುಷ ನನ್ನ ಪಗಾರದಲ್ಲಿ ಅವನ ಕಂತು ಕಡಿತವಾಯಿತು. ಮನೆಯಾಕೆ ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ನೋಯಿಸಿತು.

ಆದುದರಿಂದ, ತರುಣರೇ, ಸಹಿಗೆ ಮುನ್ನ ಕಾಗದವನ್ನು ಪೂರ್ತಿ ಓದಿರಿ. ಅಸಲು, ಬಡ್ಡಿ, ಕಂತು, ಮುದ್ದತು ಬರೆದುಕೊಳ್ಳಿರಿ. ಗೆಳೆಯ ಕಟ್ಟದಿದ್ದರೆ ಈ ಕಂತು ನನ್ನಿಂದ ಆದೀತೇ ಎಂದು ಲೆಕ್ಕ ಹಾಕಿರಿ. ಆಗುವಂತಿದ್ದರೆ ಧೈರ್ಯವಾಗಿ ಸಹಿ ಹಾಕಿರಿ. ಆಗದಿದ್ದರೆ ಕೈಲಾದಷ್ಟು ರೊಕ್ಕ ಕೊಟ್ಟು, ಒಳ್ಳೆಯ ಮಾತಾಡಿ ಕಳಿಸಿರಿ. ಗೆಳೆತನವೂ ಉಳಿದೀತು, ಮನೆಯೂ ಉಳಿದೀತು.