ಮಾಡಿನ ಲೆಕ್ಕ

‘ಅಗ್ಗದ ಆಸೆಗೆ ಮುಗ್ಗಲು ಜೋಳ ತಂದಂತೆ’ ಎಂಬ ಗಾದೆ ಜೋಳ ಬೆಳೆಯದ ನಮ್ಮ ಕರಾವಳಿಗೂ ಬಂದು ಸೇರಿದೆ. ಬ್ರಹ್ಮಾವರದ ಸಂತೆಯಲ್ಲಿ ಮಣ್ಣಿನ ಗಡಿಗೆಯನ್ನು ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಕೆಳಗಿಟ್ಟು ಮತ್ತೊಂದನ್ನು ಎತ್ತುವ ಹೆಂಗಸರನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಹೆಚ್ಚು ಕೊಟ್ಟು ಒಳ್ಳೆಯದನ್ನು ಕೊಳ್ಳಬೇಕೇ, ಕಡಿಮೆ ಕೊಟ್ಟು ಕೆಲಸ ಸಾಗಿಸಬೇಕೇ ಎಂಬ ಪ್ರಶ್ನೆ ಸೀರೆಯಿಂದ ಹಿಡಿದು ಕುಕ್ಕರಿನ ತನಕ ನಮ್ಮನ್ನು ಬಿಟ್ಟಿದ್ದಿಲ್ಲ. ಆದರೆ ಈ ಪ್ರಶ್ನೆಯ ಉತ್ತರ ನಾನು ಕಲಿತದ್ದು ಅಂಗಡಿಯಲ್ಲಲ್ಲ, ನಮ್ಮ ಮನೆಯ ಮಾಡಿನ ಕೆಳಗೆ.

ನಾನು ಹುಟ್ಟಿದ್ದು ಬೈಂದೂರಿನ ಸಮೀಪದ ಒಂದು ಹುಲ್ಲಿನ ಮನೆಯಲ್ಲಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ನಮ್ಮದು. ಗುಡ್ಡೆಯ ಮುಳಿಹುಲ್ಲನ್ನು ಕೊಯ್ದು, ಹೊರೆ ಕಟ್ಟಿ ತಂದು, ಬೇಸಿಗೆ ಮುಗಿಯುವುದರೊಳಗೆ ಮಾಡಿಗೆ ಹೊದೆಸಬೇಕು. ಹುಲ್ಲು ಸಾಲದಿದ್ದರೆ ಹೆಂಗಸರು ಅಂಗಳದಲ್ಲಿ ಕುಳಿತು ಮಡಲು ನೇಯಬೇಕು. ಆಳಿನ ಕೂಲಿ, ಅವರ ಊಟ, ಕಟ್ಟುವ ಹಗ್ಗ ಎಲ್ಲ ಸೇರಿ ಒಂದು ಸಣ್ಣ ಮದುವೆಯ ಖರ್ಚು. ಇಷ್ಟಾಗಿಯೂ ಆಷಾಢದ ಗಾಳಿಗೆ ಒಂದು ಮೂಲೆ ಎದ್ದಿತೆಂದರೆ ಪಾತ್ರೆಗಳೆಲ್ಲ ಮನೆಯೊಳಗೆ ನೀರು ಹಿಡಿಯಲು ಸಾಲಾಗಿ ಕೂರುತ್ತಿದ್ದವು. ಮರುವರ್ಷ ಮತ್ತೆ ಅದೇ ಕೆಲಸ, ಅದೇ ಖರ್ಚು.

ಹಾಗಾದರೆ ಹೆಂಚು ಇರಲಿಲ್ಲವೇ? ಇತ್ತು. 1865ರಲ್ಲೇ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದಿದ್ದರು. ಅದರ ಹಿಂದೆ ಇದ್ದವನು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್. ಒಂದಕ್ಕೊಂದು ಕೊಂಡಿಯಂತೆ ಕೂರುವ ಹೆಂಚನ್ನು 1841ರಲ್ಲಿ ಫ್ರಾನ್ಸಿನ ಅಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು ರೂಪಿಸಿದ್ದರು. ಆ ತಿಳಿವಳಿಕೆಗೆ ನಮ್ಮ ನದಿ ದಂಡೆಯ ಜೇಡಿಮಣ್ಣು ಸೇರಿತು. 1880ರ ದಶಕದಲ್ಲಿ ಮಲ್ಪೆಯಲ್ಲೂ ಮಿಷನ್ನಿನ ಕಾರ್ಖಾನೆ ಎದ್ದಿತು. ಮುಂದೆ ಕುಂದಾಪುರದ ಆಸುಪಾಸಿನಲ್ಲಿಯೂ ಹೆಂಚಿನ ಕಾರ್ಖಾನೆಗಳ ಹೊಗೆಗೊಳವೆಗಳು ಕಾಣತೊಡಗಿದವು. ಹೀಗೆ ಹೆಂಚು ಕೈಗೆಟಕುವಷ್ಟು ಹತ್ತಿರ ಬಂದು ನೂರು ವರ್ಷ ಕಳೆದರೂ ನಮ್ಮಂಥವರ ಮನೆಗಳು ಹುಲ್ಲಿನಲ್ಲೇ ಉಳಿದಿದ್ದವು.

ಅಜ್ಜನಿಗೆ ಲೆಕ್ಕ ಬರುತ್ತಿರಲಿಲ್ಲವೆಂದು ನಾನು ಬಹಳ ಕಾಲ ತಿಳಿದಿದ್ದೆ. ಹತ್ತು ವರ್ಷದ ಹುಲ್ಲಿನ ಖರ್ಚು ಕೂಡಿಸಿದರೆ ಹೆಂಚಿನ ಮಾಡು ಆಗುತ್ತದಲ್ಲವೇ ಎಂದು ಶಾಲೆಯಲ್ಲಿ ಕಲಿತ ಗುಣಾಕಾರವನ್ನು ಅವರ ಮುಂದೆ ಒಮ್ಮೆ ಇಟ್ಟಿದ್ದೆ. ಅಜ್ಜ ಎಲೆಯಡಿಕೆ ಉಗಿದು ಬಂದು, “ಇದ್ ನಮ್ ಜಾಗ್ಯಾ? ಹೆಂಚ್ ಹಾಕಿ ಯಾರಿಗ್ ಕೊಡೂಕೆ?” ಎಂದರು.

ಆ ಮಾತಿನ ಅರ್ಥ ತಿಳಿಯಲು ನಾನು ಇತಿಹಾಸ ಓದಬೇಕಾಯಿತು. ನಮ್ಮದು ಚಾಲಗೇಣಿ. ಮೂಲಗೇಣಿಯವರ ಹಕ್ಕು ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತಿತ್ತು. ಚಾಲಗೇಣಿಯವರದು ಒಡೆಯರ ಮನಸ್ಸಿದ್ದಷ್ಟು ದಿನ. ನಾಳೆ ಏಳಿ ಎಂದರೆ ಏಳಬೇಕಾದವನು ಐವತ್ತು ವರ್ಷ ಬಾಳುವ ಮಾಡನ್ನು ಕಟ್ಟಿದರೆ ಆ ಐವತ್ತು ವರ್ಷ ಯಾರದು? ಬಾಳಿಕೆ ಬರುವ ವಸ್ತುವಿಗೆ ಹೆಚ್ಚು ಕೊಡುವುದೆಂದರೆ ಮುಂದಿನ ವರ್ಷಗಳನ್ನು ಇಂದೇ ಕೊಂಡುಕೊಳ್ಳುವುದು. ಆ ವರ್ಷಗಳು ನಮ್ಮವಲ್ಲದಿದ್ದರೆ ಅಗ್ಗದ ಹುಲ್ಲೇ ಸರಿಯಾದ ಲೆಕ್ಕ. ಅಜ್ಜನ ಲೆಕ್ಕ ತಪ್ಪಿರಲಿಲ್ಲ, ನನ್ನದೇ ಅರ್ಧವಾಗಿತ್ತು.

ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ನಮ್ಮ ಕಡೆ ಅದನ್ನು ಈಗಲೂ ‘ಡಿಕ್ಲರೇಶನ್’ ಎಂಬ ಒಂದೇ ಶಬ್ದದಲ್ಲಿ ಹೇಳುತ್ತಾರೆ. ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಅಪ್ಪ ಉಳುತ್ತಿದ್ದ ತುಂಡು ನೆಲ ನಮ್ಮದಾಯಿತು. ಮನೆಯಲ್ಲಿ ಹೆಂಚಿನ ಮಾತು ಬಂದದ್ದು ಆಮೇಲೆಯೇ. ಕಳೆದುಕೊಂಡ ಮನೆಗಳೂ ನಮ್ಮೂರಲ್ಲಿದ್ದವು. ಗೇಣಿಯನ್ನೇ ನಂಬಿದ್ದ ವಿಧವೆಯರ ಕಷ್ಟವನ್ನೂ ನಾನು ಕಂಡಿದ್ದೇನೆ. ಆದರೆ ಒಕ್ಕಲು ಮನೆಗಳ ಮೇಲೆ ಕೆಂಪು ಹೆಂಚು ಬಂದದ್ದರಲ್ಲಿ ಆ ಕಾಯಿದೆಯ ಪಾಲು ದೊಡ್ಡದು.

ನೆಲವಾಯಿತು, ಹಣ? ದಿನಕ್ಕಿಷ್ಟು ಸಂಪಾದಿಸುವವರಿಗೆ ಒಮ್ಮೆಗೇ ಕೊಡುವ ದೊಡ್ಡ ಮೊತ್ತವೇ ಬೇಲಿ. ಈ ಬೇಲಿಯಲ್ಲಿ ಒಂದು ಗಂಡಿ ಮಾಡಿದ್ದು ನಮ್ಮ ಜಿಲ್ಲೆಯವರೇ. ಕಷ್ಟಕ್ಕೆ ಸಿಕ್ಕಿದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಅವರು ಉಡುಪಿಯಲ್ಲಿ 8000 ರೂಪಾಯಿ ಬಂಡವಾಳದಿಂದ ಬ್ಯಾಂಕೊಂದನ್ನು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಅದು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1928ರಲ್ಲಿ ಅವರು ‘ಪಿಗ್ಮಿ’ ಠೇವಣಿ ಆರಂಭಿಸಿದರು: ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಒಯ್ಯುವುದು. ಎರಡಾಣೆಯಂತೆ ವರ್ಷವಿಡೀ ಕೊಟ್ಟರೆ ನಲವತ್ತೈದು ರೂಪಾಯಿ ಹತ್ತಾಣೆ. ನನ್ನ ಅಮ್ಮ ಹಾಲು ಮಾರಿದ ದುಡ್ಡಿನಿಂದ ದಿನಕ್ಕೊಂದು ರೂಪಾಯಿ ಪಿಗ್ಮಿ ಕಟ್ಟಿದರು. ಸಾಲ ಮಾಡಿದ್ದರೆ ಬಡ್ಡಿಯೇ ಹೆಂಚನ್ನು ತಿನ್ನುತ್ತಿತ್ತು. ಅವರು ನಾಲ್ಕು ವರ್ಷ ಕಾದರು.

1981ರಲ್ಲಿ ಹಣ ಕೈಗೆ ಬಂದಾಗ ಇನ್ನೊಂದು ಸಂಗತಿ ಗೊತ್ತಾಯಿತು. ನೂರು ಚದರ ಅಡಿ ಮಾಡಿಗೆ ಸುಮಾರು 150 ಹೆಂಚು ಬೇಕು. ನಮ್ಮ ಎಂಟುನೂರು ಅಡಿಗೆ 1200. ಒಂದೊಂದೂ ಎರಡೂವರೆ ಕಿಲೋ ಎಂದರೆ ಮೂರು ಟನ್! ಹುಲ್ಲು ಹೊತ್ತ ಬಿದಿರು ಅದನ್ನು ಹೊರುವುದಿಲ್ಲ. ಪಕ್ಕಾಸು, ರೀಪು ಎಲ್ಲ ಹೊಸದು ಬೇಕು. ಒಳ್ಳೆಯ ವಸ್ತು ತನ್ನ ಜೊತೆಗೆ ಬೇರೆ ಖರ್ಚುಗಳನ್ನೂ ಕರೆದು ತರುತ್ತದೆಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಮರಕ್ಕೆ ಹಣ ಹೋದ ಮೇಲೆ ಉಳಿದದ್ದು ಎರಡನೆಯ ದರ್ಜೆಯ ಹೊಸ ಹೆಂಚಿಗೆ ಮಾತ್ರ ಸಾಕಾಗುವಷ್ಟು. ಅಮ್ಮ ಅದನ್ನು ಕೊಳ್ಳಲಿಲ್ಲ. ಕುಂದಾಪುರದ ಕಡೆ ಕೆಡವುತ್ತಿದ್ದ ಹಳೆಯ ಚಾವಡಿಯೊಂದರ ಹೆಂಚುಗಳನ್ನು ಒಂದೊಂದಾಗಿ ಬಡಿದು ನೋಡಿ, ಠಣ್ ಎಂದವನ್ನು ಮಾತ್ರ ಆರಿಸಿ ಗಾಡಿಯಲ್ಲಿ ತಂದರು.

ಅವುಗಳ ಹಿಂಬದಿಯಲ್ಲಿ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಅಂಕಿಯೂ ಅಚ್ಚಾಗಿದ್ದವು. ನಮ್ಮ ಮನೆಯ ಹೆಂಚು 1865ರದ್ದೆಂದು ನಾನು ಟೀಚರಾದ ಮೇಲೂ ಮಕ್ಕಳಿಗೆ ಜಂಬದಿಂದ ಹೇಳಿದ್ದುಂಟು. ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಬೆಂದ ವರ್ಷವಲ್ಲ ಎಂದು ತಿಳಿದಾಗ ಅದೇ ತರಗತಿಗೆ ಹೋಗಿ ತಿದ್ದಿ ಬಂದೆ.

ಅಮ್ಮನ ಬುದ್ಧಿ ನನಗೆ ಬರಲಿಲ್ಲ. ಕುಂದಾಪುರದಲ್ಲಿ ನಾವು ಮನೆ ಕಟ್ಟಿದಾಗ ಬಚ್ಚಲಿನ ಇಳಿಮಾಡಿಗೆ ಅಗ್ಗದ ಹೊಸ ಹೆಂಚು ತಂದೆ. ಹೆಂಚಿಗೂ ಐ.ಎಸ್.ಐ. ಗುಣಮಟ್ಟವಿದೆ: ಎಎ ದರ್ಜೆಯದು ತನ್ನ ತೂಕದ ಶೇಕಡಾ 18ಕ್ಕಿಂತ, ಎ ದರ್ಜೆಯದು ಶೇಕಡಾ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಎರಡೂವರೆ ಕಿಲೋ ಹೆಂಚು ಅರ್ಧ ಕಿಲೋ ನೀರು ಕುಡಿಯಬಹುದು, ಅಷ್ಟೇ. ನಾನು ತಂದದ್ದು ಎಷ್ಟು ಕುಡಿಯಿತೋ! ಮೂರೇ ಮಳೆಗಾಲದಲ್ಲಿ ಹಾವಸೆ ಕಟ್ಟಿ, ಬೆಕ್ಕು ನಡೆದರೂ ಒಡೆಯುವಂತಾಯಿತು. ಅದೇ ಮನೆಯ ಎದುರಿನ ಬಾಗಿಲಿಗೆ ಮಾತ್ರ ದುಬಾರಿ ಹಿತ್ತಾಳೆ ಹಿಡಿಕೆ ಹಾಕಿಸಿದ್ದೆ. ಅದು ಚೆನ್ನಾಗಿಯೇ ಇದೆ, ಆದರೆ ಐದು ಪಟ್ಟು ಕಡಿಮೆ ಬೆಲೆಯ ಹಿಡಿಕೆಯೂ ಬಾಗಿಲು ತೆರೆಯುತ್ತಿತ್ತು. ಎಲ್ಲಿ ಕೆಟ್ಟರೆ ಮನೆ ನೆನೆಯುತ್ತದೋ ಅಲ್ಲಿ ಉಳಿಸಿ, ಎಲ್ಲಿ ನೆಂಟರು ನೋಡುತ್ತಾರೋ ಅಲ್ಲಿ ಸುರಿದಿದ್ದೆ.

ಕಳೆದ ವರ್ಷ ಬೈಂದೂರಿನ ಮನೆಯ ರೀಪುಗಳಿಗೆ ಗೆದ್ದಲು ಹಿಡಿಯಿತು. ತಮ್ಮಂದಿರು ಶೀಟು ಹಾಕೋಣ ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು: ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ, ಮಾಡು ಹತ್ತಿ ಕೈಯಾಡಿಸುವವರು ಸಿಗುವುದಿಲ್ಲ, ಶೀಟು ಹಗುರ. ನಾನು ಹೆಂಚೇ ಇರಲಿ ಎಂದೆ. ಮಾತು ಬಿರುಸಾಯಿತು. ಕಡೆಗೆ ಎಂಬತ್ತು ದಾಟಿದ ಅಮ್ಮ, “ನಾನ್ ಮಲಗೂದ್ ಎಲ್ಲಿ?” ಎಂದು ಕೇಳಿದರು.

ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ಅಮ್ಮ ಮಲಗುವ ಕೋಣೆ, ಚಾವಡಿ, ಅಡಿಗೆಮನೆಗೆ ಹೊಸ ರೀಪು ಹೊಡೆಸಿ ಹಳೆಯ ಹೆಂಚನ್ನೇ ಮತ್ತೆ ಹೊದೆಸಿದೆವು. ದನಗಳಿಲ್ಲದ ಹಟ್ಟಿಗೆ ಶೀಟು ಸಾಕಾಯಿತು. ಹಟ್ಟಿಯ ಮಾಡಿನಿಂದ ತೆಗೆದ ಹೆಂಚುಗಳು ಒಡೆದವುಗಳ ಜಾಗಕ್ಕೆ ಬಂದವು. ಅಂಗಳದಲ್ಲಿ ರಾಶಿ ಹಾಕಿದಾಗ ಅಮ್ಮ ಕುರ್ಚಿ ಹಾಕಿಸಿಕೊಂಡು ಕುಳಿತು ಒಂದೊಂದನ್ನೂ ಬಡಿದು ಕೇಳಿದರು. ಈಗ ಅವರಿಗೆ ಕಿವಿ ಮಂದ. ಠಣ್ ಎಂದಿತೋ ಇಲ್ಲವೋ ಎಂದು ಪ್ರತಿ ಸಲವೂ ನನ್ನ ಮುಖ ನೋಡುತ್ತಿದ್ದರು. ನಾನು ಹೂಂ ಎಂದ ಮೇಲೆಯೇ ಹೆಂಚು ಮೇಲಕ್ಕೆ ಹೋಯಿತು.