ಹಳೆಯ ಗಣಕಯಂತ್ರದ ಹಿಂಬದಿ ಸ್ಪೀಕರ್ ಮೌನವೇ? ದೋಷ ಪತ್ತೆ ಹೀಗೆ

ಕರಜಗಿ: ಆರು ಸ್ಪೀಕರ್‌ಗಳ ಸೆಟ್‌ನಲ್ಲಿ ಮುಂದಿನ ಎರಡು ಮಾತ್ರ ಹಾಡುತ್ತವೆ, ಹಿಂದಿನವು ಒಮ್ಮೆ ಕರಕರ ಎನ್ನುತ್ತವೆ, ಒಮ್ಮೆ ಸುಮ್ಮನಾಗುತ್ತವೆ. ಹಳೆಯ ಗಣಕಯಂತ್ರ ಇಟ್ಟುಕೊಂಡವರಿಗೆ ಈ ತೊಂದರೆ ಹೊಸದಲ್ಲ. ಅಫಜಲಪುರ ತಾಲ್ಲೂಕಿನ ಕರಜಗಿಯಂಥ ಊರಿನವರು ದುರಸ್ತಿಗೆಂದು ಕಲಬುರಗಿಗೆ ಹೊತ್ತೊಯ್ದರೆ ಒಂದು ದಿನದ ಕೆಲಸ ಕೆಡುತ್ತದೆ. ನಗರವಾಸಿಗಳು ಗುಜರಿಗೆ ಹಾಕಿ ಹೊಸದನ್ನು ಕೊಳ್ಳುತ್ತಾರೆ. ಆದರೆ ಅನೇಕ ವೇಳೆ ಕೆಟ್ಟಿರುವುದು ಸ್ಪೀಕರ್ ಆಗಿರುವುದಿಲ್ಲ. ದೋಷದ ಜಾಗವನ್ನು ಮೊದಲು ಗುರುತಿಸಿದರೆ ಹಣವೂ ಸಮಯವೂ ಉಳಿಯುತ್ತವೆ.

ಬಣ್ಣಗಳ ಲೆಕ್ಕ

5.1 ಸೆಟ್‌ಗೆ ಮೂರು ಕೇಬಲ್‌ಗಳು ಬೇಕು. ಒಂದೊಂದೂ ಎರಡು ವಾಹಿನಿಗಳ ಧ್ವನಿಯನ್ನು ಒಯ್ಯುತ್ತದೆ. ಹಸಿರು ಜಾಕ್ ಮುಂಭಾಗಕ್ಕೆ, ಕಪ್ಪು ಹಿಂಭಾಗಕ್ಕೆ, ಕಿತ್ತಳೆ ಬಣ್ಣದ್ದು ಮಧ್ಯದ ಸ್ಪೀಕರ್ ಹಾಗೂ ಸಬ್‌ವೂಫರ್‌ಗೆ. ಹಸಿರು, ನೀಲಿ, ಗುಲಾಬಿ ಎಂದು ಮೂರೇ ಜಾಕ್‌ಗಳಿರುವ ಮದರ್‌ಬೋರ್ಡ್‌ಗಳಲ್ಲಿ ಆರು ವಾಹಿನಿಗಳ ಆಯ್ಕೆ ಮಾಡಿದ ಬಳಿಕ ಸಾಮಾನ್ಯವಾಗಿ ನೀಲಿ ಹಿಂಭಾಗಕ್ಕೂ, ಗುಲಾಬಿ ಮಧ್ಯ ಹಾಗೂ ಸಬ್‌ವೂಫರ್‌ಗೂ ಮೀಸಲಾಗುತ್ತವೆ. ಆಯ್ಕೆ ಮಾಡದಿದ್ದರೆ ಅವು ಧ್ವನಿ ಒಳಬರುವ ದಾರಿಗಳಾಗಿಯೇ ಉಳಿಯುತ್ತವೆ.

ಮೊದಲು ತಂತ್ರಾಂಶ

ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೌಂಡ್ ವಿಭಾಗ ತೆರೆದು, ಸ್ಪೀಕರ್ ವಿನ್ಯಾಸ 5.1 ಎಂದಿದೆಯೇ ನೋಡಿ, ಅಲ್ಲಿಯೇ ಇರುವ ಪರೀಕ್ಷೆ ನಡೆಸಿ. ವಿಂಡೋಸ್ ಮರುಸ್ಥಾಪಿಸಿದ ನಂತರ ತೊಂದರೆ ಶುರುವಾಗಿದ್ದರೆ, ಧ್ವನಿ ಚಿಪ್ ತಯಾರಕರ ಡ್ರೈವರ್ ಬದಲು ಸಾಮಾನ್ಯ ಡ್ರೈವರ್ ಬಂದು ಕುಳಿತಿರಬಹುದು. ಆಗ ಜಾಕ್‌ಗಳ ಪಾತ್ರ ಬದಲಿಸುವ ಆಯ್ಕೆಯೇ ಕಾಣದಿರಬಹುದು.

ಒಂದು ಮಾತು ನೆನಪಿರಲಿ: ಎಂಪಿ3 ಹಾಡುಗಳು ಸಾಮಾನ್ಯವಾಗಿ ಎರಡೇ ವಾಹಿನಿಯವು. ಅವನ್ನು ನುಡಿಸುವಾಗ ಹಿಂಬದಿ ಮೌನವಾಗಿದ್ದರೆ ಅದು ದೋಷವಲ್ಲ.

ಅದಲುಬದಲು ಪರೀಕ್ಷೆ

ಧ್ವನಿ ತಗ್ಗಿಸಿ, ಕಪ್ಪು ಕೇಬಲ್‌ನ ಪಿನ್ ಅನ್ನು ಗಣಕದ ಹಸಿರು ಜಾಕ್‌ಗೆ ಸಿಕ್ಕಿಸಿ ಹಾಡು ಹಾಕಿ. ಹಿಂಬದಿ ಸ್ಪೀಕರ್‌ಗಳು ನುಡಿದರೆ ಅವು ಸುಸ್ಥಿತಿಯಲ್ಲಿವೆ. ದೋಷವಿರುವುದು ಗಣಕದ ಜಾಕ್‌ನಲ್ಲಿ ಅಥವಾ ತಂತ್ರಾಂಶದಲ್ಲಿ. ನುಡಿಯದಿದ್ದರೆ ಸಬ್‌ವೂಫರ್ ಪೆಟ್ಟಿಗೆಗೆ ಬನ್ನಿ. ಸೆಟ್ ಆರಿಸಿ, ಹಿಂದಿನ ಹಾಗೂ ಮುಂದಿನ ಸ್ಪೀಕರ್‌ಗಳ ತಂತಿಗಳನ್ನು ಅದಲುಬದಲು ಮಾಡಿ, ಪಿನ್‌ಗಳನ್ನು ಮೊದಲಿನ ಜಾಗಗಳಲ್ಲೇ ಸಿಕ್ಕಿಸಿ ನೋಡಿ. ಮೌನವು ಸ್ಪೀಕರ್‌ನೊಡನೆ ಸ್ಥಳ ಬದಲಿಸಿದರೆ ಸ್ಪೀಕರ್ ಅಥವಾ ಅದರ ತಂತಿ ಹಾಳಾಗಿದೆ. ಮೌನ ಇದ್ದಲ್ಲೇ ಉಳಿದರೆ ಕೇಬಲ್ ಬದಲಿಸಿ ನೋಡಬೇಕು. ಆಗಲೂ ಸರಿಹೋಗದಿದ್ದರೆ ಆಂಪ್ಲಿಫೈಯರ್ ಕೆಟ್ಟಿದೆ ಎನ್ನಬಹುದು.

ಧೂಳಿನ ಕಾಟ

ಪಿನ್ ತಿರುಗಿಸಿದಾಗ ಧ್ವನಿ ಬಂದು ಹೋಗುತ್ತಿದ್ದರೆ ಜಾಕ್‌ನೊಳಗಿನ ಲೋಹದ ಸಂಪರ್ಕ ಸಡಿಲವಾಗಿದೆ ಅಥವಾ ಕಿಲುಬು ಹಿಡಿದಿದೆ ಎಂದರ್ಥ. ಬಿಸಿಲು, ಧೂಳು ಹೆಚ್ಚಿರುವ ಕಲಬುರಗಿ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ. ಗಣಕ ಮತ್ತು ಸ್ಪೀಕರ್ ಎರಡನ್ನೂ ಆರಿಸಿ, ಪಿನ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಒರೆಸಿ, ಕೆಲವು ಬಾರಿ ಹಾಕಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆಯೇ ವಿದ್ಯುತ್ ಕೊಡಿ. ಧ್ವನಿ ಗುಂಡಿ ತಿರುಗಿಸುವಾಗ ಮಾತ್ರ ಕರಕರ ಕೇಳಿದರೆ ಧೂಳು ಸೇರಿರುವುದು ಆ ಗುಂಡಿಯೊಳಗೆ.

ಸದಾ ಗುಂಯ್‌ಗುಡುವ ಸದ್ದಿದ್ದರೆ ಮನೆಯ ಅರ್ಥಿಂಗ್ ಪರೀಕ್ಷಿಸಿ, ಗಣಕ ಹಾಗೂ ಸ್ಪೀಕರ್ ಎರಡಕ್ಕೂ ಒಂದೇ ಕಡೆಯಿಂದ ವಿದ್ಯುತ್ ಕೊಟ್ಟು ನೋಡಿ. ಆದರೂ ನಿಲ್ಲದಿದ್ದರೆ ಆಂಪ್ಲಿಫೈಯರ್‌ನ ಕೆಪಾಸಿಟರ್ ಸೊರಗಿರಬಹುದು. ಸಬ್‌ವೂಫರ್ ಪೆಟ್ಟಿಗೆಯನ್ನು ಮಾತ್ರ ತಾವೇ ಬಿಚ್ಚಬೇಡಿ; ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ ಉಳಿದಿರುತ್ತದೆ. ಅಲ್ಲಿಂದ ಮುಂದಿನದು ದುರಸ್ತಿಗಾರರ ಕೆಲಸ. ದೋಷ ಯಾವ ಭಾಗದ್ದು ಎಂದು ಅವರಿಗೆ ಹೇಳಬಲ್ಲಿರಾದರೆ ಅನಗತ್ಯ ಖರ್ಚು ತಪ್ಪುತ್ತದೆ.